ಒಪ್ಪಿಗೆಯ ಹಾರಾಟವೂ ಒಪ್ಪಿಸದ ಲೆಕ್ಕವೂ

ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಯ ವಿಮಾನ ನಿಲ್ದಾಣದಲ್ಲಿ 2019ನೆಯ ಇಸವಿ ಫೆಬ್ರುವರಿ 1ನೆಯ ತಾರೀಖು ಮುಂಜಾನೆ ಜರುಗಿದ ವಿಮಾನಪಾತವನ್ನು ನಮ್ಮ ವಾಚಕರಲ್ಲಿ ಹಲವರು ಮರೆತಿರಬಹುದು. ಮರೆಯುವದಕ್ಕೆ ಕಾರಣಗಳು ಬೇಕಾದಷ್ಟು ಒದಗಿ ಬಂದವು. ಅವನ್ನು ಮುಂದೆ ಹೇಳುವೆವು. ಆ ದಿನ ವಾಯುಸೇನೆಯ ಎರಡು ಆಸನಗಳ ಮಿರಾಜ್ 2000 ವಿಮಾನವೊಂದು ಹಾರಾಟದ ಆರಂಭದಲ್ಲಿಯೇ ನಿಲ್ದಾಣದ ಅಂಚಿನಲ್ಲಿ ಮುರಿದುಬಿದ್ದು ಬೆಂಕಿಗೆ ಆಹುತಿಯಾಯಿತು. ಅದರೊಳಗಿದ್ದ ಸ್ಕ್ವಾಡ್ರನ್ ಲೀಡರ್ ಸಮೀರ್ ಅಬ್ರೋಲ್ ಹಾಗೂ ಸ್ಕ್ವಾಡ್ರನ್ ಲೀಡರ್ ಸಿದ್ಧಾರ್ಥ ನೇಗಿ ಎಂಬ ಇಬ್ಬರು ತರುಣ ಅಧಿಕಾರಿಗಳು ಆಸನಸಮೇತ ಹೊರಚಿಮ್ಮಿದರೂ ಬದುಕಿ ಉಳಿಯಲಿಲ್ಲ. ಇಬ್ಬರೂ ಬೆಂಗಳೂರಿನಲ್ಲಿರುವ ವಾಯುಸೇನೆಯ ವಿಮಾನ ಪರೀಕ್ಷಣ ಸಂಸ್ಥೆಗೆ ಸೇರಿದ ನುರಿತ ಪರೀಕ್ಷಾ ವೈಮಾನಿಕರು. ಅವರು ಮಡಿದದ್ದು ರಣರಂಗದಲ್ಲಲ್ಲ, ಗಡಿಯ ಮೇಲಲ್ಲ. ಕಾರ್ಖಾನೆಯವರು ನವೀಕರಿಸಿ ಸಿದ್ಧಪಡಿಸಿದ ವಿಮಾನವನ್ನು ಸೇನೆಯು ಒಪ್ಪಿಸಿಕೊಳ್ಳುವದಕ್ಕೆ ಮುಂಚೆ ಮಾಡಿ ನೋಡತಕ್ಕ ಹಾರಾಟದಲ್ಲಿ.

ಈ ಒಪ್ಪಿಗೆಯ ಹಾರಾಟವೆಂದರೇನೆಂಬದನ್ನು ತಿಳಿಯಲು ಯಂತ್ರಶಾಸ್ತ್ರ ಬಲ್ಲವರೇ ಆಗಬೇಕಿಲ್ಲ. ನಮ್ಮ ಸೀಮೆಯ ಒಕ್ಕಲಿಗನು ದನದ ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬಲ್ಲವನಾದರೆ ನೊಗಕ್ಕೆ ಹೂಡಿ ಎಳೆಸಿಯೂ ನೋಡುತ್ತಾನೆ. ಮಾರುವವನು ಎಷ್ಟೇ ಆಣೆಪ್ರಮಾಣ ಮಾಡಿದರೂ ಹೂಡಿ ನೋಡದೆ ಹಣ ಎಣಿಸುವದಿಲ್ಲ. ಸೈನ್ಯದ ವಿಮಾನದ ವಿಷಯದಲ್ಲಿಯೂ ಕ್ರಮವು ಇದೇ. ಕಾರ್ಖಾನೆಯ ವೈಮಾನಿಕನು ಮೊದಲು ಹಾರಿಸಿ ನೋಡಬೇಕು. ಗುಣಪರೀಕ್ಷೆಯ ಸರಕಾರಿ ಖಾತೆಯವರು ಕಾಗದಪತ್ರಗಳಿಗೆ ರುಜು ಹಾಕಬೇಕು. ಕೊನೆಗೆ ಕೊಳ್ಳುವ ಪಕ್ಷದವರ ವೈಮಾನಿಕನು ತಾನೇ ಹತ್ತಿ ಕುಳಿತು ನೋಡಬೇಕು. ಎತ್ತು ಒದ್ದರೆ ರೈತನಿಗೆ ಕಾಲು ಉಳುಕೀತು. ವಿಮಾನವು ಒದ್ದರೆ ಆಗತಕ್ಕದ್ದೇನೆಂಬದನ್ನು ಆ ಶುಕ್ರವಾರದ ಮುಂಜಾನೆ ಬೆಂಗಳೂರು ನೋಡಿತು. ಉಳಿದೆಲ್ಲರೂ ಸರಿಯಾಗಿದೆಯೆಂದು ಬರೆದುಕೊಟ್ಟ ಮೇಲೆ ಆ ಬರಹದ ಸತ್ಯಾಸತ್ಯತೆಯನ್ನು ಜೀವವನ್ನೇ ಒಡ್ಡಿ ಪರೀಕ್ಷಿಸುವವನು ಈ ಕೊನೆಯ ಮನುಷ್ಯನು. ಆದ್ದರಿಂದ ಇಂಥ ಹಾರಾಟದಲ್ಲಿ ವೈಮಾನಿಕನು ಸತ್ತರೆ ಮೇಲಿನ ಯಾವ ಮೆಟ್ಟಿಲಿನಲ್ಲಿ ಯಾರ ಕಣ್ಣು ತಪ್ಪಿತು, ಅಥವಾ ಯಾರ ಕಣ್ಣೂ ತಪ್ಪದೆ ಆಕಸ್ಮಿಕವೊಂದು ಒದಗಿತೇ ಎಂಬ ಪ್ರಶ್ನೆಯು ತಾನಾಗಿ ಏಳುತ್ತದೆ. ಆ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಸಾರ್ವಜನಿಕರ ಮುಂದೆ ಇಡಲಾಗಿಲ್ಲವೆಂಬದೇ ನಮ್ಮ ಇಂದಿನ ಲೇಖನದ ವಿಷಯ.

ವಾಯುಸೇನೆಯವರು ವಿಚಾರಣೆಗೆ ಆಜ್ಞೆ ಮಾಡಿದರು, ಅದು ವಾಡಿಕೆ. ಆದರೆ ಸೈನ್ಯದ ವಿಚಾರಣಾ ಮಂಡಲಿಯ ವರದಿಯು ಹೊರಬರುವದು ವಾಡಿಕೆಯಲ್ಲ. ಇತ್ತ ಆ ತಿಂಗಳಾದರೂ ಎಂಥದಿತ್ತು! ಫೆಬ್ರುವರಿ 19ರಂದು ಯಲಹಂಕದಲ್ಲಿ, ವಿಮಾನ ಪ್ರದರ್ಶನದ ಮುನ್ನಾದಿನ, ಬೀದರಿನ ಸೂರ್ಯಕಿರಣ ತಂಡದ ಎರಡು ವಿಮಾನಗಳು ಒಂದಕ್ಕೊಂದು ತಗುಲಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಅಸು ನೀಗಿದರು. 23ರಂದು ಅದೇ ಪ್ರದರ್ಶನದ ವಾಹನ ನಿಲುಗಡೆಯ ಬಯಲಿನಲ್ಲಿ ಬೆಂಕಿ ಬಿದ್ದು ನೂರಾರು ಕಾರುಗಳು ಸುಟ್ಟು ಬೂದಿಯಾದವು. 26ರಂದು ಇದೇ ಜಾತಿಯ ಮಿರಾಜ್ ವಿಮಾನಗಳು ಬಾಲಾಕೋಟಿನ ಮೇಲೆ ದಾಳಿ ಮಾಡಿ ಬಂದವು. ದೇಶವೆಲ್ಲ ಆ ವಿಜಯದ ವರ್ತಮಾನದಲ್ಲಿ ಮುಳುಗಿತು. ಅದಕ್ಕೆ 25 ದಿನಗಳ ಹಿಂದೆ ಅದೇ ಮಿರಾಜಿನಿಂದ ಮಡಿದ ಇಬ್ಬರ ಸುದ್ದಿಯು ಒಳಪುಟಗಳಿಗೆ ಸರಿದು, ಬಳಿಕ ಅಲ್ಲಿಂದಲೂ ಜಾರಿತು. ನ್ಯಾಯಾಂಗದ ಮೇಲ್ವಿಚಾರಣೆಯಲ್ಲಿ ತನಿಖೆಯಾಗಬೇಕೆಂದು ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯೊಂದು ಅದೇ ತಿಂಗಳಿನಲ್ಲಿ ವಜಾ ಆಯಿತು. ನ್ಯಾಯಾಲಯವು ಪ್ರತಿಯೊಂದು ವಿಮಾನಪಾತವನ್ನೂ ತಾನೇ ವಿಚಾರಿಸಲಾರದೆಂಬದನ್ನು ನಾವು ಬಲ್ಲೆವು. ಆ ತೀರ್ಮಾನದ ಮೇಲೆ ನಮ್ಮ ತಕರಾರಿಲ್ಲ. ನ್ಯಾಯಾಲಯದ ಬಾಗಿಲು ಮುಚ್ಚಿತೆಂದು ಸರಕಾರದ ಬಾಗಿಲೂ ಮುಚ್ಚಿರಬೇಕೆಂಬ ನ್ಯಾಯವೆಲ್ಲಿಯದೆಂದಷ್ಟೇ ಕೇಳುತ್ತೇವೆ.

ಈ ಕಾರ್ಖಾನೆಯ ಬಗ್ಗೆ ನಮಗಿರುವ ಅಭಿಮಾನವನ್ನು ಇಲ್ಲಿಯೇ ಸ್ಪಷ್ಟಪಡಿಸಿಬಿಡುವದು ಒಳ್ಳೆಯದು; ಇಲ್ಲವಾದರೆ ನಮ್ಮ ಮಾತಿಗೆ ಬೇರೆ ಅರ್ಥ ಹಚ್ಚುವವರು ಇದ್ದೇ ಇದ್ದಾರೆ. 1940ನೆಯ ಇಸವಿ ಡಿಸೆಂಬರದಲ್ಲಿ, ಪರಕೀಯರ ಆಳಿಕೆಯು ಇನ್ನೂ ಗಟ್ಟಿಯಾಗಿದ್ದಾಗ, ಹಿಂದುಸ್ಥಾನದವರು ವಿಮಾನ ಕಟ್ಟುವದೆಂದರೆ ನಗುವ ಕಾಲದಲ್ಲಿ, ಈ ಸಾಹಸವನ್ನು ಕೈಕೊಂಡವರು ಶೇಠ ವಾಲಚಂದ ಹೀರಾಚಂದರು. ಅವರು ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ಜಮೀನನ್ನೂ ಬಂಡವಾಳವನ್ನೂ ಕೊಟ್ಟು ಆಶ್ರಯವಿತ್ತದ್ದು ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರಕಾರ. 1942ರಲ್ಲಿ ಅದು ಭಾರತ ಸರಕಾರದ ಕೈಗೆ ಹೋಯಿತು; ಯುದ್ಧಕಾಲದಲ್ಲಿ ಅಮೇರಿಕನ್ ಸೈನ್ಯದ ವಿಮಾನಗಳ ದುರಸ್ತಿಯ ನೆಲೆಯಾಯಿತು. ಯುದ್ಧವು ಮುಗಿದ ಮೇಲಿನ ಕಥೆಯನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇವೆ. ಏಕೆಂದರೆ ಅದನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳುವದಿಲ್ಲ, ಮತ್ತು ಒಪ್ಪಿಸುವ ಹಾರಾಟವೆಂಬದರ ಬೆಲೆಯೇನೆಂಬದು ಅದರಿಂದ ತಿಳಿಯುತ್ತದೆ.

ಆಂಗ್ಲರು ದೇಶ ಬಿಟ್ಟು ಹೋಗುವಾಗ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಭಾರಿ ಬಾಂಬು ವಿಮಾನಗಳ ರಾಶಿಯೊಂದನ್ನು ಕಾನಪುರದಲ್ಲಿ ಒಟ್ಟಿ ಹೋದರು. ಸುಮ್ಮನೆ ಬಿಟ್ಟು ಹೋಗಲಿಲ್ಲ. ಮತ್ತೆ ಯಾರೂ ಹಾರಿಸಬಾರದೆಂದು ಎಂಜಿನುಗಳಲ್ಲಿ ಮರಳು ತುಂಬಿ, ಉಪಕರಣಗಳನ್ನು ಜಜ್ಜಿ ಹೋದರೆಂದು ವಿಮಾನಗಳ ಇತಿಹಾಸ ಬರೆದವರು ಹೇಳುತ್ತಾರೆ. ಸ್ವತಂತ್ರ ಭಾರತದ ಬಳಿ ಭಾರಿ ಬಾಂಬು ವಿಮಾನವೆಂಬದೇ ಇರಲಿಲ್ಲ. ಕೊಳ್ಳಲು ಹಣವೂ ಇರಲಿಲ್ಲ, ಕೊಡುವವರೂ ಇರಲಿಲ್ಲ. ಆಗ ಬೆಂಗಳೂರಿನ ಕಾರ್ಖಾನೆಯ ಕೆಲಸಗಾರರು 1948ರಲ್ಲಿ ಕಾನಪುರಕ್ಕೆ ಹೋಗಿ ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ಅವು ಒಂದು ಸಲ ಹಾರುವಷ್ಟು ಮಟ್ಟಿಗೆ ಸಜ್ಜುಗೊಳಿಸಿದರು. ಕಾರ್ಖಾನೆಯ ಪರೀಕ್ಷಾ ವೈಮಾನಿಕರಾದ ಜಮಶೇದ್ ಮುನ್ಷಿಯವರು ಆ ಅರೆಜೀವದ ವಿಮಾನಗಳನ್ನು ಒಂದೊಂದಾಗಿ ಕಾನಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಸಾವಿರ ಮೈಲಿಗೆ ಸಮೀಪದ ದಾರಿ, ನಂಬಲಾಗದ ಎಂಜಿನು. ಹೀಗೆ ತಂದು ಪುನಃ ಕಟ್ಟಿ ಸೇನೆಗೆ ಒಪ್ಪಿಸಿದವು ಸುಮಾರು 40 ವಿಮಾನಗಳು. 1948ರ ನವೆಂಬರದಲ್ಲಿ ಅವುಗಳಿಂದಲೇ ವಾಯುಸೇನೆಯ ಐದನೆಯ ಸ್ಕ್ವಾಡ್ರನ್ ನಿಂತಿತು. ಆ ವಿಮಾನಗಳು 1968ರವರೆಗೂ ಸೇವೆಯಲ್ಲಿದ್ದವು. ಯಾರು ಅವನ್ನು ಮುರಿದು ಹೋಗಿದ್ದರೋ ಅವರ ದೇಶದ ವಾಯುಸೇನಾ ವಸ್ತುಸಂಗ್ರಹಾಲಯದಲ್ಲಿ ಇಂದು ಭಾರತವು ಕೊಟ್ಟ ಲಿಬರೇಟರ್ ಒಂದು ಪ್ರದರ್ಶನಕ್ಕಿದೆ. ಇಂಥ ಕೈಗಳುಳ್ಳ ಕಾರ್ಖಾನೆಯನ್ನು ನಾವು ಹೀಗಳೆಯಲಾರೆವು.

ಆದರೆ ಅಭಿಮಾನವು ಕಣ್ಣಿಗೆ ಕಟ್ಟುವ ಬಟ್ಟೆಯಾಗಬಾರದು. 2019ರ ವಿಮಾನಪಾತವಾದ ಮರುದಿನದಿಂದಲೇ ಎರಡು ಪಕ್ಷಗಳು ಹುಟ್ಟಿಕೊಂಡವು. ಸರಕಾರಿ ಕಾರ್ಖಾನೆಯೆಂದರೇ ಕೆಟ್ಟ ಕೆಲಸ, ಇದನ್ನು ಮುಚ್ಚಿ ಖಾಸಗಿಯವರ ಕೈಗೆ ಕೊಡಿರೆಂದು ಒಂದು ಪಕ್ಷವು ಕೂಗಿತು. ಆಗ ಫ್ರಾನ್ಸಿನ ರಫೇಲ್ ವಿಮಾನಗಳ ಗದ್ದಲವು ನಡೆದಿದ್ದ ಕಾಲವಾದ್ದರಿಂದ ಆ ಕೂಗಿಗೆ ರಾಜಕಾರಣದ ಗಾಳಿಯೂ ಸೇರಿತು. ಕಾರ್ಖಾನೆಯನ್ನು ಪ್ರಶ್ನಿಸಿದವರೆಲ್ಲ ದೇಶೀ ಉದ್ಯೋಗದ ವೈರಿಗಳೆಂದು ಇನ್ನೊಂದು ಪಕ್ಷವು ಹಲ್ಲು ಕಡಿಯಿತು. ವಿಚಿತ್ರವೆಂದರೆ ಇಬ್ಬರಿಗೂ ವಿಮಾನವು ಏಕೆ ಬಿತ್ತೆಂಬದು ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣದ ಮೇಲೆ ಇಷ್ಟೊಂದು ವಾದವು ಬೆಳೆದದ್ದು ಆ ಕಾರಣವನ್ನು ಮುಚ್ಚಿಟ್ಟದ್ದರಿಂದಲೇ. ವರದಿಯ ಸಾರಾಂಶವೊಂದು ಹೊರಬಂದಿದ್ದರೆ ಕಾರ್ಖಾನೆಯು ನಿರ್ದೋಷಿಯಾಗಿದ್ದಲ್ಲಿ ಅದರ ಹೆಸರು ಉಳಿಯುತ್ತಿತ್ತು. ದೋಷಿಯಾಗಿದ್ದಲ್ಲಿ ಯಾವ ಬೋಲ್ಟು, ಯಾವ ರುಜು ತಪ್ಪಿತೆಂದು ತಿಳಿದು ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ಈಗ ಆ ಮಸಿಯು ಕಾರ್ಖಾನೆಯ ಸಾವಿರಾರು ಕೆಲಸಗಾರರ ಮುಖಕ್ಕೆಲ್ಲ ಸಮನಾಗಿ ಬಳಿದುಕೊಂಡಿದೆ. ರಹಸ್ಯದಿಂದ ಮೊದಲು ನಷ್ಟವಾಗುವದು ಪ್ರಾಮಾಣಿಕನಿಗೇ.

ಹಾಗಾದರೆ ವಿಮಾನಪಾತದ ಕಾರಣವನ್ನು ಬಹಿರಂಗಪಡಿಸುವ ಪದ್ಧತಿಯೇ ನಮ್ಮಲ್ಲಿ ಇಲ್ಲವೋ? ಇದೆ, ನಮ್ಮ ಕರ್ನಾಟಕದಲ್ಲಿಯೇ ಅದರ ನಿದರ್ಶನಗಳಿವೆ. 1990ನೆಯ ಇಸವಿ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸಿನ ಹೊಸ ಏರ್‌ಬಸ್ ವಿಮಾನವು ಇದೇ ಕಾರ್ಖಾನೆಯ ನಿಲ್ದಾಣಕ್ಕೆ ಇಳಿಯುವಾಗ ಬಿದ್ದು 92 ಜನರು ತೀರಿಕೊಂಡರು. ಅದರ ವಿಚಾರಣೆಯನ್ನು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ಟರು ನಡೆಸಿದರು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ನಿಲ್ದಾಣದಿಂದ ವಿಮಾನವು ಕಣಿವೆಗೆ ಉರುಳಿ 158 ಜನರು ಸತ್ತು 8 ಜನರು ಮಾತ್ರ ಬದುಕಿ ಬಂದಾಗ ವಿಚಾರಣೆ ಮಾಡಿದವರು ಯಾರು? ವಾಯುಸೇನೆಯ ಉಪಮುಖ್ಯಸ್ಥರಾಗಿ ನಿವೃತ್ತರಾದ ಏರ್ ಮಾರ್ಷಲ್ ಗೋಖಲೆಯವರು. ವಿಮಾನದ ಕಪ್ತಾನನು ದಾರಿಯುದ್ದಕ್ಕೂ ಬಹುಹೊತ್ತು ನಿದ್ರೆ ಮಾಡಿದ್ದನೆಂದೂ, ಇಳಿಯುವ ಕ್ರಮವು ತಪ್ಪಿದ್ದರೂ ಪುನಃ ಮೇಲಕ್ಕೆ ಏರದೆ ಇಳಿದುಬಿಟ್ಟನೆಂದೂ ಅವರ ವರದಿಯು ಮುಚ್ಚುಮರೆಯಿಲ್ಲದೆ ಹೇಳಿತು. ಅದು ಅಚ್ಚಾಗಿ ಎಲ್ಲರ ಕೈಗೂ ಸಿಕ್ಕಿತು. ಜನರ ವಿಮಾನದ ವಿಷಯದಲ್ಲಿ ವಾಯುಸೇನೆಯ ಹಿರಿಯ ಅಧಿಕಾರಿಯ ಲೇಖನಿಯು ಇಷ್ಟು ನಿರ್ಭಯವಾಗಿ ಓಡಬಲ್ಲದಾದರೆ, ಸೇನೆಯ ಸ್ವಂತ ವಿಮಾನದ ವಿಷಯದಲ್ಲಿ ಅದೇ ಲೇಖನಿಯ ಮಸಿ ಏಕೆ ಒಣಗಬೇಕು?

ಇನ್ನೂ ಸಮೀಪದ ಉದಾಹರಣೆಯಿದೆ. 2009ನೆಯ ಇಸವಿ ಮಾರ್ಚ 6ರಂದು ಬಿಡದಿಯ ಹತ್ತಿರ ಸರಸ್ ಎಂಬ ಸ್ವದೇಶೀ ವಿಮಾನದ ಎರಡನೆಯ ಮಾದರಿಯು ಬಿದ್ದು ಒಳಗಿದ್ದ ಮೂವರೂ ಮಡಿದರು: ವಿಂಗ್ ಕಮಾಂಡರ್ ಪ್ರವೀಣ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾಹ, ಸ್ಕ್ವಾಡ್ರನ್ ಲೀಡರ್ ಇಳೆಯರಾಜ. ಮೂವರೂ ಅಬ್ರೋಲ್ ಮತ್ತು ನೇಗಿಯವರು ಸೇರಿದ್ದ ಅದೇ ಪರೀಕ್ಷಣ ಸಂಸ್ಥೆಯವರು. ವಿಮಾನವನ್ನು ಕಟ್ಟಿದ್ದು ಬೆಂಗಳೂರಿನದೇ ಆದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆ. ಆದರೆ ಅದು ನಾಗರಿಕ ವಿಮಾನವೆಂದು ನೋಂದಾಯಿಸಲ್ಪಟ್ಟಿದ್ದರಿಂದ ನಾಗರಿಕ ವಿಮಾನಯಾನ ಖಾತೆಯವರು ವಿಚಾರಿಸಿದರು, ವರದಿಯನ್ನು ಪ್ರಕಟಿಸಿದರು. ಆಕಾಶದಲ್ಲಿ ನಿಲ್ಲಿಸಿದ ಎಂಜಿನನ್ನು ಮತ್ತೆ ಹೊತ್ತಿಸುವ ಕ್ರಮವನ್ನು ವಿಮಾನದ ವಿನ್ಯಾಸಕರೇ ತಪ್ಪಾಗಿ ರೂಪಿಸಿದ್ದರು, ಅದನ್ನು ಸಾಕಷ್ಟು ಎತ್ತರವಿಲ್ಲದೆಡೆಯಲ್ಲಿ ಪ್ರಯೋಗಿಸಲಾಯಿತು ಎಂದು ಅದರಲ್ಲಿ ಬರೆದಿದೆ. ಸತ್ತವರ ಮೇಲೆ ಎಲ್ಲವನ್ನೂ ಹೇರಿ ಕೈ ತೊಳೆದುಕೊಳ್ಳುವ ಹಾದಿಯನ್ನು ಆ ವರದಿಯು ಹಿಡಿಯಲಿಲ್ಲ; ಅವರ ಕೈಗೆ ಕೊಟ್ಟ ಕಾಗದವೇ ತಪ್ಪಾಗಿತ್ತೆಂದು ಹೇಳಿತು. ಮಡಿದವರ ತಂದೆತಾಯಿಗಳಿಗೆ ಸರಕಾರವು ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಕಾಣದು. ಕುಶಾಲ ತೋಪುಗಳು ಇದರ ಮುಂದೆ ಸಪ್ಪೆ. ಒಂದೇ ಸಂಸ್ಥೆಯ ವೈಮಾನಿಕರು, ಒಂದೇ ಊರು, ಒಂದೇ ಬಗೆಯ ಕರ್ತವ್ಯ. ಬಾಲದ ಮೇಲೆ ಬರೆದ ನೋಂದಣಿಯ ಅಕ್ಷರಗಳು ಬೇರೆಯಾದ ಮಾತ್ರಕ್ಕೆ 2009ರಲ್ಲಿ ಸತ್ಯವು ಹೊರಬರಬೇಕು, 2019ರಲ್ಲಿ ಬರಬಾರದು ಎಂದರೆ ಇದಕ್ಕೆ ಯಾವ ಶಾಸ್ತ್ರಾಧಾರ?

ಸೈನ್ಯದ ಗುಟ್ಟು ಶತ್ರುವಿಗೆ ತಿಳಿಯಬಾರದೆಂಬ ಸಮಾಧಾನವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಮಿರಾಜಿನ ರಾಡಾರು ಎಷ್ಟು ದೂರ ನೋಡುತ್ತದೆ, ಅದರ ಕ್ಷಿಪಣಿಯು ಹೇಗೆ ಗುರಿ ಹಿಡಿಯುತ್ತದೆ ಎಂಬದನ್ನು ಪತ್ರಿಕೆಯಲ್ಲಿ ಹಾಕಿರೆಂದು ಯಾವ ವಿವೇಕಿಯೂ ಕೇಳಲಾರನು. ಆದರೆ ಹಾರಲು ಹೊರಟ ವಿಮಾನವು ಬಿತ್ತೇಕೆ ಎಂಬದರಲ್ಲಿ ಗುಟ್ಟಿನ ಪಾಲು ಎಷ್ಟು? ಅಮೇರಿಕದ ವಾಯುಸೇನೆಯಲ್ಲಿ ದೊಡ್ಡ ಅಪಘಾತವಾದಾಗ ಎರಡು ವಿಚಾರಣೆಗಳು ನಡೆಯುತ್ತವೆ. ಒಂದರಲ್ಲಿ ಕೆಲಸಗಾರನೂ ವೈಮಾನಿಕನೂ ಅಂಜಿಕೆಯಿಲ್ಲದೆ ಬಾಯಿ ಬಿಡಲೆಂದು ಅವರ ಹೇಳಿಕೆಗಳನ್ನು ಗುಪ್ತವಾಗಿಡುತ್ತಾರೆ; ಇನ್ನೊಂದರ ವರದಿಯನ್ನು ಜಗತ್ತಿಗೆಲ್ಲ ಪ್ರಕಟಿಸುತ್ತಾರೆ. ಆ ದೇಶಕ್ಕೆ ಶತ್ರುಗಳಿಲ್ಲವೆಂದು ಯಾರಾದರೂ ಹೇಳುವರೇ? ಬ್ರಿಟನ್ನಿನ ಮಾತಂತೂ ಇನ್ನೂ ಮನನೀಯ. 2006ರ ಸೆಪ್ಟೆಂಬರ 2ರಂದು ಅಫಘಾನಿಸ್ತಾನದ ಮೇಲೆ ಅವರ ನಿಮ್ರಾಡ್ ವಿಮಾನವು ಉರಿದು ಬಿದ್ದು 14 ಜನರು ಸತ್ತರು. ಯುದ್ಧವು ನಡೆದಿರುವಾಗಲೇ, ಸೈನ್ಯದ ಹೊರಗಿನ ವಕೀಲರಾದ ಹ್ಯಾಡನ್-ಕೇವ್ ಎಂಬವರು ವಿಚಾರಿಸಿ 2009ರ ಅಕ್ಟೋಬರದಲ್ಲಿ ವರದಿ ಕೊಟ್ಟರು. ಅದರಲ್ಲಿ ತಪ್ಪಿದ ಅಧಿಕಾರಿಗಳನ್ನೂ ಕಂಪನಿಗಳನ್ನೂ ಹೆಸರು ಹಿಡಿದು ಹೇಳಿದರು. ಅದರ ಫಲವಾಗಿ 2010ರಲ್ಲಿ ಸೈನಿಕ ವಿಮಾನಗಳ ಸುರಕ್ಷತೆಗೆಂದೇ ಬೇರೆ ಅಧಿಕಾರ ಮಂಡಲಿಯೊಂದು ಅಲ್ಲಿ ಸ್ಥಾಪಿತವಾಯಿತು. ಬ್ರಿಟನ್ನಿನ ಸೈನ್ಯವು ಆ ವರದಿಯಿಂದ ಕುಸಿದು ಬಿದ್ದ ಸುದ್ದಿಯನ್ನು ನಾವು ಕೇಳಿಲ್ಲ. ಆಂಗ್ಲರು ನಮಗೆ ಬಿಟ್ಟುಹೋದ ಗುಪ್ತತೆಯ ಅಭ್ಯಾಸವನ್ನು ಅವರೇ ಸಡಿಲಿಸಿಕೊಂಡ ಮೇಲೂ ನಾವು ಪಿತ್ರಾರ್ಜಿತವೆಂದು ಕಾಪಾಡಿಕೊಂಡು ಬಂದಿದ್ದೇವೆ.

ನಮ್ಮ ಕಾನೂನು ಕೂಡ ಅಷ್ಟು ಕುರುಡಾಗಿಲ್ಲ. 2005ರ ಮಾಹಿತಿ ಹಕ್ಕಿನ ಕಾಯದೆಯ ಎರಡನೆಯ ಅನುಸೂಚಿಯಲ್ಲಿ ಬೇಹುಗಾರಿಕೆಯ ಖಾತೆಗಳ ಹೆಸರಿವೆ, ಗಡಿ ರಕ್ಷಣಾ ಪಡೆಯ ಹೆಸರಿದೆ, ವಾಯುಸೇನೆಯ ಹೆಸರಿಲ್ಲ. ದೇಶದ ಭದ್ರತೆಗೆ ಧಕ್ಕೆಯಾಗುವ ಭಾಗವನ್ನು ತಡೆಹಿಡಿದು ಉಳಿದದ್ದನ್ನು ಕೊಡಲು ಆ ಕಾಯದೆಯೇ ದಾರಿ ಮಾಡಿದೆ. ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿಯವರು 2024ರ ಡಿಸೆಂಬರದಲ್ಲಿ ಮುಂದಿಟ್ಟ ವರದಿಯಿಂದ 2017ರಿಂದ 2022ರವರೆಗಿನ ಯೋಜನಾವಧಿಯಲ್ಲಿ ವಾಯುಸೇನೆಗೆ 34 ವಿಮಾನಾಪಘಾತಗಳು ಸಂಭವಿಸಿದವೆಂದು ತಿಳಿಯಿತು. ಅವುಗಳಲ್ಲಿ 11 ನಮ್ಮ ಮಿರಾಜ್ ಬಿದ್ದ 2018-19ನೆಯ ವರ್ಷದವು. 2021ರ ಡಿಸೆಂಬರ 8ರಂದು ಕೂನೂರಿನ ಬಳಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತರನ್ನು ಬಲಿ ತೆಗೆದುಕೊಂಡ ಹೆಲಿಕಾಪ್ಟರಿನ ಎದುರಿಗೆ ಆ ಪಟ್ಟಿಯಲ್ಲಿ ವೈಮಾನಿಕರ ಮಾನವ ದೋಷ ಎಂದು ಬರೆದಿದೆ. ಸಮಿತಿಯು ಇಷ್ಟನ್ನಾದರೂ ಹೊರತಂದದ್ದಕ್ಕೆ ಅದನ್ನು ಅಭಿನಂದಿಸುತ್ತೇವೆ. ಆದರೆ ಮೂರು ಶಬ್ದಗಳು ಲೆಕ್ಕವಲ್ಲ, ಶೀರ್ಷಿಕೆ. ಸತ್ತವನು ಎದ್ದು ಬಂದು ಜವಾಬು ಕೊಡಲಾರನು. ಆದ್ದರಿಂದ ಅವನ ದೋಷವೆಂದು ಬರೆಯುವವರು ಆ ನಿರ್ಣಯಕ್ಕೆ ಬಂದ ಬಗೆಯನ್ನೂ ಬರೆಯುವದು ನ್ಯಾಯ.

ಇದೆಲ್ಲ ಬೆಂಗಳೂರಿನ ಮಾತು, ಕಲಬುರ್ಗಿಯ ಕಡೆಯ ನಮಗೇನೆಂದು ಕೇಳುವ ಸ್ನೇಹಿತರಿದ್ದಾರೆ. ಭೀಮಾತೀರದ ಮಣ್ಣೂರದ ಒಕ್ಕಲಿಗನು ಕೊಳ್ಳುವ ಡೀಜಲ್ಲಿನ ಮೇಲೂ ಗೊಬ್ಬರದ ಮೇಲೂ ತೆರಿಗೆಯುಂಟು. ಮಿರಾಜಿನ ನವೀಕರಣಕ್ಕೆ 2011ರಲ್ಲಿ ಫ್ರೆಂಚ್ ಕಂಪನಿಗಳೊಡನೆ ಸಹಿಯಾದ ಸಾವಿರಾರು ಕೋಟಿ ರೂಪಾಯಿಗಳ ಕರಾರಿನಲ್ಲಿ ಅವನ ಕಾಸೂ ಇದೆ. ನಮ್ಮ ನೆರೆಯ ಬೀದರಿನಲ್ಲಿ ಹಾಕ್ ತರಬೇತಿ ವಿಮಾನಗಳು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಏಪ್ರಿಲ್ 29ರಂದೇ ಅವುಗಳಲ್ಲೊಂದು ಬಿತ್ತು. ದೈವದಿಂದ ಅಂದು ಜೀವಹಾನಿಯಾಗಲಿಲ್ಲ. ಹೊಸದಾಗಿ ಬಂದ ಯಂತ್ರವೆಂದರೆ ನಿರ್ಭಯವೆಂದು ಭಾವಿಸುವವರು ಆ ಎರಡು ತಿಂಗಳನ್ನು ನೆನೆಯಬೇಕು.

ಮುಂದೆ ಬರತಕ್ಕ ಕೆಲಸವಂತೂ ಹಿಂದಿನದಕ್ಕಿಂತ ಬಹು ದೊಡ್ಡದು. ತೇಜಸ್ ಮಾರ್ಕ್ 1ಎ ಜಾತಿಯ 83 ವಿಮಾನಗಳಿಗೆ 2021ರ ಫೆಬ್ರುವರಿಯಲ್ಲಿಯೂ, ಇನ್ನೂ 97 ವಿಮಾನಗಳಿಗೆ 2025ರ ಸೆಪ್ಟೆಂಬರದಲ್ಲಿಯೂ ಕಾರ್ಖಾನೆಯೊಡನೆ ಕರಾರುಗಳಾಗಿವೆ. ಒಟ್ಟು 180. ಕೊಡುವದು ತಡವಾಯಿತೆಂದು ವಾಯುಸೇನೆಯ ಮುಖ್ಯಸ್ಥರು 2025ರ ಯಲಹಂಕದ ಪ್ರದರ್ಶನದಲ್ಲಿಯೇ ಅಸಮಾಧಾನವನ್ನು ಸೂಚಿಸಿದರು. ಅಮೇರಿಕದ ಎಂಜಿನುಗಳು ಹೊತ್ತಿಗೆ ಬಾರದ್ದೂ ತಡಕ್ಕೆ ಒಂದು ಕಾರಣ. ಬೇಗ ಕೊಡಿ, ಬೇಗ ಕೊಡಿ ಎಂಬ ಒತ್ತಾಯವು ಎಲ್ಲ ಕಡೆಯಿಂದಲೂ ಬರುವಾಗ ಮೊಟ್ಟಮೊದಲು ಸವೆಯುವದು ಯಾವದೆಂದು ಕಾರ್ಖಾನೆಗಳ ಅನುಭವವುಳ್ಳ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ: ಪರೀಕ್ಷೆಯ ತಾಳ್ಮೆ. ಈ 180 ವಿಮಾನಗಳಲ್ಲಿ ಪ್ರತಿಯೊಂದನ್ನೂ ಒಬ್ಬ ವೈಮಾನಿಕನು ಒಪ್ಪಿಗೆಗಾಗಿ ಹತ್ತಿ ಹಾರಿಸಬೇಕಾಗಿದೆ. 2019ರಲ್ಲಿ ಯಾವ ಮೆಟ್ಟಿಲು ಜಾರಿತೆಂಬದು ಅವನಿಗೂ, ಅವನ ವಿಮಾನಕ್ಕೆ ರುಜು ಹಾಕುವ ಗುಮಾಸ್ತನಿಗೂ, ಆ ಗುಮಾಸ್ತನ ಮೇಲಿನ ಸಾಹೇಬರಿಗೂ ತಿಳಿದಿರಬೇಕು. ತಿಳಿದಿದೆಯೆಂಬದು ನಮಗೂ ತಿಳಿಯಬೇಕು. ತಯಾರಿಸುವದು ಸರಕಾರದ ಕಾರ್ಖಾನೆ, ಪರೀಕ್ಷಿಸುವದು ಸರಕಾರದ ಖಾತೆ, ಕೊಳ್ಳುವದು ಸರಕಾರದ ಸೇನೆ, ಕೆಟ್ಟರೆ ವಿಚಾರಿಸುವದೂ ಸರಕಾರವೇ ಆಗಿರುವಾಗ ಹೊರಗಿನ ಕಣ್ಣೊಂದು ಎಲ್ಲಿಯಾದರೂ ಇರದಿದ್ದರೆ ನಾಲ್ಕೂ ಕೈಗಳು ಒಂದನ್ನೊಂದು ತೊಳೆಯುವವು.

ರಕ್ಷಣಾ ಖಾತೆಯವರು ಆ ವಿಚಾರಣೆಯ ಸಾರಾಂಶವನ್ನು, ಯುದ್ಧೋಪಯೋಗಿ ವಿವರಗಳನ್ನು ಕಳೆದು, ಸಂಸತ್ತಿನ ಮೇಜಿನ ಮೇಲೆ ಇಡಬೇಕು. ಅದಾದ ಮೇಲೆ ಕಾರ್ಖಾನೆಯಲ್ಲಿ ಏನು ತಿದ್ದಲಾಯಿತೆಂಬದನ್ನೂ ಹೇಳಬೇಕು. ಇನ್ನು ಮುಂದೆ ಒಪ್ಪಿಗೆಯ ಹಾರಾಟದಲ್ಲಿ ಆಗುವ ಅಪಘಾತಗಳನ್ನಾದರೂ, ಕಾರ್ಖಾನೆಗೂ ಸೇನೆಗೂ ಅಧೀನರಲ್ಲದವರಿಂದ ವಿಚಾರಿಸುವ ಏರ್ಪಾಡಾಗಬೇಕು. ಕರ್ನಾಟಕದಿಂದ ಲೋಕಸಭೆಗೆ 28 ಜನರೂ ರಾಜ್ಯಸಭೆಗೆ 12 ಜನರೂ ಆರಿಸಿ ಹೋಗುತ್ತಾರೆ; ಪಕ್ಷಭೇದವೆಣಿಸದೆ ಅವರಲ್ಲಿ ಒಬ್ಬರಾದರೂ ಪ್ರಶ್ನೋತ್ತರದ ವೇಳೆಯಲ್ಲಿ ಎದ್ದು ಇದನ್ನು ಕೇಳಲಿ. ಮಂತ್ರಿಗಳು ಕೊಡುವ ಉತ್ತರವನ್ನು, ಅದು ಎರಡೇ ಸಾಲಿನದಾದರೂ, ನಾವು ಇದೇ ಪುಟದಲ್ಲಿ ಅಚ್ಚುಹಾಕುವೆವು.